ಘೋಷಣೆಗೆ ಸಹಿಯಿಟ್ಟ ಏಕೈಕ ಕಥೋಲಿಕ

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 1776ರಲ್ಲಿ ಸಹಿ ಹಾಕಿದ 56 ಮಂದಿಯಲ್ಲಿ ಕಥೋಲಿಕರು ಒಬ್ಬರೇ. ಅವರು ಮೇರಿಲ್ಯಾಂಡಿನ ಚಾರ್ಲ್ಸ್ ಕ್ಯಾರಲ್. ಧರ್ಮಸಭೆಯ ಚರಿತ್ರೆಯನ್ನು ಬರೆಯುವವರು ಈ ಹೆಸರನ್ನು ಅಭಿಮಾನದಿಂದಲೇ ಸ್ಮರಿಸುತ್ತಾರೆ. ಮನುಷ್ಯರೆಲ್ಲರ ಸಮಾನತೆಯನ್ನು ಸಾರಿದ ಆ ಪತ್ರಕ್ಕೆ ಸಹಿ ಹಾಕಿದವರು 300ಕ್ಕೂ ಮಿಕ್ಕಿದ ಗುಲಾಮರಿದ್ದ ಮನೆತನದ ಉತ್ತರಾಧಿಕಾರಿಯಾಗಿದ್ದರೆಂಬ ಸಂಗತಿ ಮಾತ್ರ ಅನೇಕ ವೇಳೆ ಬದಿಗೆ ಸರಿಯುತ್ತದೆ.

ಕ್ಯಾರಲ್ ಅವರಿಗೆ ಸ್ವಾತಂತ್ರ್ಯವೆಂಬುದು ಬರಿಯ ಪುಸ್ತಕದ ಮಾತಾಗಿರಲಿಲ್ಲ. ಕಥೋಲಿಕರಿಗೆ ಆಶ್ರಯವಾಗಲೆಂದು 1634ರಲ್ಲಿ ನೆಲೆಗೊಂಡ ಮೇರಿಲ್ಯಾಂಡಿನಲ್ಲೇ ಮುಂದೆ ಅವರಿಗೆ ಕಷ್ಟಕಾಲ ಬಂದಿತು. 1704ರ ಕಾಯಿದೆಯ ನಂತರ ಬಲಿಪೂಜೆ ಖಾಸಗಿ ಮನೆಗಳ ಗೋಡೆಯೊಳಗೆ ಸೇರಿತು. 1718ರಲ್ಲಿ ಮತದಾನದ ಹಕ್ಕು ಹೋಯಿತು. 1756ರಲ್ಲಿ ಕಥೋಲಿಕರ ಭೂಮಿಗೆ ಎರಡರಷ್ಟು ಕಂದಾಯ ಬಿತ್ತು. ಬಾಲಕ ಕ್ಯಾರಲ್ ವಿದ್ಯೆಗಾಗಿ ಸಮುದ್ರ ದಾಟಿ ಫ್ರಾನ್ಸಿನ ಸೇಂಟ್ ಓಮರ್‌ನಲ್ಲಿದ್ದ ಯೇಸುಸಭೆಯ ಶಾಲೆಗೆ ಹೋಗಬೇಕಾಯಿತು. 1773ರಲ್ಲಿ ಅವರು ತೆರಿಗೆಯ ವಿಷಯವಾಗಿ ಪತ್ರಿಕೆಯಲ್ಲಿ ವಾದಕ್ಕಿಳಿದಾಗ ಎದುರಾಳಿಯು ಅವರ ಧರ್ಮವನ್ನೇ ಎತ್ತಿ ಹಂಗಿಸಿದನು.

ಇಂತಹ ಅನುಭವವುಳ್ಳವರ ಜಮೀನಿನಲ್ಲೇ ಹಕ್ಕೆಂಬುದೇ ಇಲ್ಲದ ಜನರು ದುಡಿಯುತ್ತಿದ್ದರು. ಜ್ಞಾನಸ್ನಾನ ಪಡೆದ ಮಾತ್ರಕ್ಕೆ ಗುಲಾಮನಿಗೆ ಬಿಡುಗಡೆಯಿಲ್ಲವೆಂದು ಮೇರಿಲ್ಯಾಂಡ್ 1671ರಲ್ಲೇ ಕಾನೂನು ಮಾಡಿತ್ತು. ಒಡೆಯನ ಆಸ್ತಿಗೆ ಸಂಸ್ಕಾರದಿಂದ ನಷ್ಟವಾಗಬಾರದಲ್ಲವೇ!

ಈ ವೈರುಧ್ಯ ಕ್ಯಾರಲ್ ಒಬ್ಬರದೇ ಆಗಿರಲಿಲ್ಲ. ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಹೊಂದಿದ್ದರು. ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಅವರು ಸೇರಿಸಿದ್ದ ಭಾಗವನ್ನು ಪ್ರತಿನಿಧಿಗಳ ಸಭೆ ಹೊಡೆದುಹಾಕಿತು.

ಆ ಕಾಲವೇ ಹಾಗಿತ್ತು, ಇಂದಿನ ಅಳತೆಗೋಲನ್ನು ಅಂದಿನವರಿಗೆ ಹಿಡಿಯಬಾರದು ಎನ್ನುವವರುಂಟು. ಈ ಸಮಾಧಾನ ನಿಲ್ಲುವುದಿಲ್ಲ. ನೆರೆಯ ಪೆನ್ಸಿಲ್ವೇನಿಯ 1780ರಲ್ಲೇ ಕ್ರಮೇಣ ವಿಮೋಚನೆಯ ಕಾಯಿದೆಯನ್ನು ಅಂಗೀಕರಿಸಿತು. ವರ್ಜೀನಿಯದ ಶ್ರೀಮಂತ ರಾಬರ್ಟ್ ಕಾರ್ಟರ್ 1791ರಲ್ಲಿ ಪತ್ರ ಬರೆದುಕೊಟ್ಟು ತಮ್ಮ ಸುಮಾರು 500 ಗುಲಾಮರ ಬಿಡುಗಡೆಗೆ ಏರ್ಪಾಡು ಮಾಡಿದರು. ಜಾರ್ಜ್ ವಾಷಿಂಗ್ಟನ್ ಕೂಡ, ತಡವಾಗಿಯಾದರೂ, ತಮಗೆ ಸೇರಿದ್ದ 123 ಮಂದಿಯ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದಿಟ್ಟು 1799ರಲ್ಲಿ ತೀರಿಕೊಂಡರು. ದಾರಿಯಿತ್ತು, ನಡೆದವರೂ ಇದ್ದರು.

ಕ್ಯಾರಲ್ ಅವರಿಗೆ ಇದು ಕೆಡುಕೆಂದು ತಿಳಿಯದೆ ಇರಲಿಲ್ಲ. ಹಂತಹಂತವಾಗಿ ಗುಲಾಮಗಿರಿಯನ್ನು ಕೊನೆಗಾಣಿಸುವ ಮಸೂದೆಯನ್ನು ಮೇರಿಲ್ಯಾಂಡಿನ ಸೆನೆಟ್ಟಿನ ಮುಂದೆ ಅವರೇ ತಂದರು, ಅದು ಬಿದ್ದುಹೋಯಿತು. ಮುಪ್ಪಿನಲ್ಲಿ, ಬಿಡುಗಡೆ ಹೊಂದಿದ ಕರಿಯರನ್ನು ಆಫ್ರಿಕಕ್ಕೆ ಕಳುಹಿಸುವ ಸಂಘಕ್ಕೆ ಅಧ್ಯಕ್ಷರೂ ಆದರು. ಕಾನೂನು ಬದಲಾಗಲೆಂದು ಕಾಯುತ್ತಿದ್ದವರಿಗೆ ತಮ್ಮ ಜಮೀನಿನ ಮಟ್ಟಿಗೆ ಯಾವ ಕಾನೂನಿಗೂ ಕಾಯಬೇಕಾಗಿರಲಿಲ್ಲ. 1832ರಲ್ಲಿ, 95ನೆಯ ವಯಸ್ಸಿನಲ್ಲಿ, ಸಹಿ ಹಾಕಿದವರ ಪೈಕಿ ಕೊನೆಯವರಾಗಿ ಅವರು ಕಣ್ಮುಚ್ಚಿದಾಗ ದೇಶವೇ ಶೋಕಾಚರಣೆ ಮಾಡಿತು. ಡೋರೆಗನ್ ಬಂಗಲೆಯ ಪ್ರಾರ್ಥನಾಲಯದಲ್ಲಿ ಅವರ ಸಮಾಧಿಯಾಯಿತು. ಗುಲಾಮರು ವಾರಸುದಾರರಿಗೆ ಉಳಿದರು.

ಚಾರ್ಲ್ಸ್ ಅವರ ಬಂಧು, ಆ ದೇಶದ ಮೊದಲ ಧರ್ಮಾಧ್ಯಕ್ಷ ಜಾನ್ ಕ್ಯಾರಲ್ ಸ್ಥಾಪಿಸಿದ ಜಾರ್ಜ್‌ಟೌನ್ ಕಾಲೇಜಿನ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ 272 ಗುಲಾಮರನ್ನು 1,15,000 ಡಾಲರಿಗೆ ಲೂಸಿಯಾನದವರಿಗೆ ಮಾರಿದರು. ಹಣದ ಒಂದು ಭಾಗ ಕಾಲೇಜಿನ ಸಾಲಕ್ಕೆ ಹೋಯಿತು. ಕುಟುಂಬಗಳನ್ನು ಒಡೆಯಬಾರದು, ಹಣವನ್ನು ಸಾಲ ತೀರಿಸಲು ಬಳಸಬಾರದು ಎಂದು ರೋಮಿನಿಂದ ಬಂದಿದ್ದ ಷರತ್ತುಗಳು ಮುರಿದವು. ಮರುವರ್ಷವೇ ಜಗದ್ಗುರು 16ನೇ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು.

ಮಾರಾಟ ನಡೆಸಿದ ಥಾಮಸ್ ಮಲೆಡಿ ಗುರುಗಳ ಹೆಸರನ್ನು ಹೊತ್ತಿದ್ದ ಕಾಲೇಜು ಕಟ್ಟಡಕ್ಕೆ 2017ರಿಂದ ಐಸಾಕ್ ಹಾಕಿನ್ಸ್ ಎಂಬ ಹೆಸರಿದೆ. ಮಾರಾಟ ಪತ್ರದಲ್ಲಿ ಮೊದಲು ನಮೂದಾಗಿದ್ದ ಗುಲಾಮನ ಹೆಸರು ಅದು.