ಎಳೆಯ ವಿಶ್ವದ ಅಲಕನಂದಾ

ನಾವಿರುವ ಆಕಾಶಗಂಗೆಯು ತಟ್ಟೆಯಂತೆ ಚಪ್ಪಟೆಯಾದ, ಸುರುಳಿ ಬಾಹುಗಳುಳ್ಳ ಗೆಲಾಕ್ಸಿ. ಕುಸಿಯುವ ಅನಿಲರಾಶಿಯು ತನ್ನ ಶಾಖವನ್ನು ಹೊರಸೂಸಿ ಕಳೆದುಕೊಳ್ಳಬಲ್ಲದು. ಭ್ರಮಣವನ್ನು ಅಷ್ಟು ಸುಲಭವಾಗಿ ಕಳೆದುಕೊಳ್ಳಲಾರದು. ಆದುದರಿಂದಲೇ ಅದು ತಿರುಗುತ್ತ ತಿರುಗುತ್ತ ತಟ್ಟೆಯಾಗುತ್ತದೆ. ಆದರೆ ಆದಿಯ ವಿಶ್ವದಲ್ಲಿ ಗೆಲಾಕ್ಸಿಗಳು ಪದೇ ಪದೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದುದರಿಂದ, ತಟ್ಟೆಯು ನೆಲೆಗೊಳ್ಳಲು ಹಲವು ನೂರು ಕೋಟಿ ವರ್ಷಗಳು ಬೇಕೆಂದೇ ವಿಜ್ಞಾನಿಗಳು ಭಾವಿಸಿದ್ದರು.

ಆ ಎಣಿಕೆ ಈಗ ಸಡಿಲಗೊಂಡಿದೆ. 2020ರಲ್ಲಿ ಚಿಲಿ ದೇಶದ ಅಲ್ಮಾ ದೂರದರ್ಶಕವು ಸೆಕೆಂಡಿಗೆ ಸುಮಾರು 270 ಕಿಲೋಮೀಟರ್ ವೇಗದಿಂದ ತಿರುಗುವ 'ವೋಲ್ಫ್ ತಟ್ಟೆ'ಯನ್ನು ತೋರಿಸಿತು. 2025ರಲ್ಲಿ ಪುಣೆಯ ಖಗೋಳವಿಜ್ಞಾನಿಗಳಾದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಅವರು ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ ಎರಡು ಸ್ಫುಟ ಬಾಹುಗಳುಳ್ಳ ಗೆಲಾಕ್ಸಿಯೊಂದನ್ನು ಗುರುತಿಸಿ, ಹಿಮಾಲಯದ ನದಿಯ ಹೆಸರಿನಿಂದ 'ಅಲಕನಂದಾ' ಎಂದು ಕರೆದರು. ಅದರ ವ್ಯಾಸ ಸುಮಾರು 30,000 ಜ್ಯೋತಿರ್ವರ್ಷ. ಇವೆರಡರ ಬೆಳಕೂ ಹೊರಟಾಗ, ಇಂದು 1,380 ಕೋಟಿ ವರ್ಷದ ಈ ವಿಶ್ವಕ್ಕೆ ಸುಮಾರು 150 ಕೋಟಿ ವರ್ಷ ಮಾತ್ರ ವಯಸ್ಸು!

ಇಂತಹ ಸಂಗತಿಗಳನ್ನು ಶರಣರು ಹೇಳಿದ 'ಬಯಲಿ'ನೊಂದಿಗೆ ಸಮೀಕರಿಸುವವರುಂಟು. ಅದು ಅನುಭಾವದ ನುಡಿ. ಅದಕ್ಕೆ ದೂರದರ್ಶಕದ ಸಾಕ್ಷಿ ಬೇಕಿಲ್ಲ. ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆಯೇ ಬೇರೆ. ತಣ್ಣನೆಯ ಅನಿಲವು ತೊರೆಗಳಾಗಿ ಹರಿದು ಬಂದು ತಟ್ಟೆಯನ್ನು ಇಷ್ಟು ಶೀಘ್ರವಾಗಿ ಕಟ್ಟಿತೇ? ಅಲಕನಂದೆಯ ಬಾಹುಗಳು ತಾವಾಗಿಯೇ ಮೂಡಿದವೇ, ಅಥವಾ ನೆರೆಯ ಗೆಲಾಕ್ಸಿಯೊಂದರ ಸೆಳೆತದಿಂದಲೇ?