ತೆಂಗಿನ ಸೀಮೆಯ ಹೆಲಿಕಾಪ್ಟರ್‌ಗೆ ಸೈಬರ್ ಕಾವಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ತೆಂಗು, ಕೊಬ್ಬರಿ, ಹೇಮಾವತಿ ನಾಲೆ ನೆನಪಾಗುತ್ತವೆ. ಈಗ ಈ ಸೀಮೆಯ ಮಗ್ಗುಲಿಗೇ ದೇಶದ ರಕ್ಷಣೆಯ ದೊಡ್ಡ ಕಾರ್ಖಾನೆಯೊಂದು ಬಂದಿದೆ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾಯಿತು. ಮೊದಲು ವರ್ಷಕ್ಕೆ 30 ಹೆಲಿಕಾಪ್ಟರ್, ಮುಂದೆ 60, ಆಮೇಲೆ 90 ತಯಾರಿಸುವುದು ಗುರಿ. ಸೇನೆಯ ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದ ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್ ಇಲ್ಲಿಯ ಮೊದಲ ಕೆಲಸ.

ಇಂಥ ಕಾರ್ಖಾನೆಗೆ ಗೋಡೆ, ಗೇಟು, ಬಂದೂಕಿನ ಕಾವಲು ಬೇಕೇ ಬೇಕು. ಆದರೆ ಅಷ್ಟೇ ಸಾಲದು. ಈ ಹೆಲಿಕಾಪ್ಟರಿನ ಎಂಜಿನ್ನಿಗೆ ಎಷ್ಟು ಇಂಧನ ಹರಿಯಬೇಕು ಎಂಬುದನ್ನು ನಿರ್ಧರಿಸುವುದೇ ಒಂದು ಡಿಜಿಟಲ್ ನಿಯಂತ್ರಕ. ಬಿಡಿಭಾಗಗಳ ನಕ್ಷೆ, ಪರೀಕ್ಷೆಯ ಫಲಿತಾಂಶ, ಪೂರೈಕೆಯ ಲೆಕ್ಕ ಎಲ್ಲವೂ ಇಂದು ಕಂಪ್ಯೂಟರ್‌ನಲ್ಲೇ ಇರುವಂಥವು. ಅವನ್ನು ಕದಿಯಲು ಶತ್ರು ಗಡಿ ದಾಟಿ ಬರಬೇಕಾಗಿಲ್ಲ.

ಸಣ್ಣ ಬಾಗಿಲಿನಿಂದ ಒಳಗೆ

ಸೇನೆಯ ಮುಖ್ಯ ಕಂಪ್ಯೂಟರಿಗೆ ನೇರವಾಗಿ ಕನ್ನ ಹಾಕುವುದು ಕಷ್ಟ. ಆದ್ದರಿಂದ ದಾಳಿಕೋರರು ಅದಕ್ಕೆ ಸಾಮಾನು ಒದಗಿಸುವ ಸಣ್ಣ ಸಂಸ್ಥೆಗಳನ್ನು ಹುಡುಕುತ್ತಾರೆ. 2016ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದದ್ದು ಹೀಗೆಯೇ. ಸುಮಾರು 50 ಮಂದಿ ಕೆಲಸ ಮಾಡುವ ಒಂದು ಉಪಗುತ್ತಿಗೆ ಕಂಪನಿಯಿಂದ ಸುಮಾರು 30 ಗಿಗಾಬೈಟ್ ಮಾಹಿತಿ ಕಳವಾಯಿತು. ಅದರಲ್ಲಿ ಎಫ್-35 ಯುದ್ಧವಿಮಾನಕ್ಕೆ ಸಂಬಂಧಿಸಿದ ವಿವರಗಳೂ ಇದ್ದವು. ಆ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬರೇ. ಕೆಲವು ಕಡೆ ಬಳಕೆದಾರರ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’!

ನಮ್ಮಲ್ಲೂ ಉದಾಹರಣೆಯಿದೆ. ಎಚ್‌ಎಎಲ್‌ನ ಕಾನ್ಪುರ ಶಾಖೆ ಅಮೆರಿಕದ ಕಂಪನಿಯೊಂದರಿಂದ ಬಿಡಿಭಾಗ ತರಿಸಲು ಇಮೇಲ್‌ನಲ್ಲಿ ವ್ಯವಹರಿಸುತ್ತಿತ್ತು. ನಡುವೆ ನುಸುಳಿದ ವಂಚಕರು ಹೆಚ್ಚುಕಡಿಮೆ ಅದೇ ರೀತಿಯ, ಒಂದೇ ಅಕ್ಷರ ಬದಲಾದ ವಿಳಾಸದಿಂದ ಪತ್ರ ಬರೆದು ಸುಮಾರು 55 ಲಕ್ಷ ರೂಪಾಯಿಯನ್ನು ತಮ್ಮ ಖಾತೆಗೆ ಹಾಕಿಸಿಕೊಂಡರೆಂದು 2025ರಲ್ಲಿ ವರದಿಯಾಯಿತು. ಹಣ ಕಳಿಸುವ ಮೊದಲು ಹಳೆಯ ಪರಿಚಯದ ಸಂಖ್ಯೆಗೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳುವ ಪದ್ಧತಿ ಇದ್ದರೆ ಇಂಥ ಮೋಸಕ್ಕೆ ಅಲ್ಲೇ ತಡೆ ಬೀಳುತ್ತದೆ.

ಒಳನುಗ್ಗಿದ್ದು ಕೂಡಲೇ ತಿಳಿಯದಿರುವುದು ಸೈಬರ್ ದಾಳಿಯ ಅತಿ ಅಪಾಯದ ಗುಣ. ತೆಂಗು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರುವಾಯಿ ದುಂಬಿ ಇನ್ನೂ ಬಿಚ್ಚಿಕೊಳ್ಳದ ಸುಳಿಯನ್ನು ಕೊರೆಯುತ್ತದೆ. ಗರಿ ಬಿಚ್ಚಿ ಕತ್ತರಿಸಿದಂತೆ ಕಾಣುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಅದು ಮಾಡಿದ ಗಾಯದಿಂದಲೇ ಕೆಂಪು ಮೂತಿ ಹುಳು ಒಳಹೋಗಿ ಮರವನ್ನು ಕೊಲ್ಲುತ್ತದೆ. ಕುತಂತ್ರಾಂಶವೂ ಮೊದಲು ಒಂದು ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಕೂತು, ಪಾಸ್‌ವರ್ಡ್ ಸಂಗ್ರಹಿಸಿ, ಹಿಂದಿನಿಂದ ಬರುವವರಿಗೆ ದಾರಿ ತೆರೆದಿಡುತ್ತದೆ.

ಹಾಗಾದರೆ ಮುಖ್ಯ ಕಂಪ್ಯೂಟರುಗಳನ್ನು ಇಂಟರ್ನೆಟ್ಟಿನಿಂದ ಪೂರ್ತಿ ಬೇರ್ಪಡಿಸಿದರಾಯಿತಲ್ಲ? ಬೇರ್ಪಡಿಸಲೇಬೇಕು, ಆದರೆ ಆ ಕಂದಕವನ್ನು ಮನುಷ್ಯರೇ ದಾಟಿಸುತ್ತಾರೆ. 2008ರಲ್ಲಿ ಅಮೆರಿಕದ ಸೇನಾ ಜಾಲಕ್ಕೆ ಕುತಂತ್ರಾಂಶದ ಹುಳುವೊಂದು ಸೇರಿದ್ದು ಯುಎಸ್‌ಬಿ ಪೆನ್‌ಡ್ರೈವಿನಿಂದ. ಅಮೆರಿಕ ಪ್ರತ್ಯೇಕ ಸೈಬರ್ ಕಮಾಂಡ್ ಕಟ್ಟಿಕೊಳ್ಳಲು ಆ ಪ್ರಸಂಗವೂ ಒಂದು ಕಾರಣ. 2019ರಲ್ಲಿ ನಮ್ಮ ಕೂಡಂಕುಳಂ ಅಣುಸ್ಥಾವರದ ಆಡಳಿತ ಕೆಲಸದ ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿತು. ಸ್ಥಾವರ ನಡೆಸುವ ಜಾಲ ಬೇರೆಯೇ ಇದ್ದುದರಿಂದ ಅದಕ್ಕೆ ಧಕ್ಕೆಯಾಗಲಿಲ್ಲವೆಂದು ಅಣುಶಕ್ತಿ ನಿಗಮ ತಿಳಿಸಿತು. ಬೇರ್ಪಡಿಸಿಟ್ಟದ್ದರ ಬೆಲೆ ಇಲ್ಲಿ ಕಾಣುತ್ತದೆ. ಆದರೆ ಅಕ್ಟೋಬರ್ 29ರಂದು ಸ್ಥಾವರ ಸುದ್ದಿಯನ್ನು ಅಲ್ಲಗಳೆದಿತ್ತು. ನಿಗಮ ಒಪ್ಪಿಕೊಂಡದ್ದು ಮರುದಿನ. ಮುಚ್ಚಿಡುವ ಅಭ್ಯಾಸ ರಕ್ಷಣೆಯ ಶತ್ರು. ಒಂದು ಕಡೆ ಸಿಕ್ಕ ಕುತಂತ್ರಾಂಶದ ಗುರುತು ಉಳಿದವರಿಗೆ ಬೇಗ ಮುಟ್ಟಿದಷ್ಟೂ ಅವರು ಪಾರಾಗುತ್ತಾರೆ.

ಗಣಿತದ ಮೊಹರು

ಹೆಲಿಕಾಪ್ಟರಿಗೆ ಹಾಕುವ ತಂತ್ರಾಂಶವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲವೆಂದು ತಿಳಿಯುವುದು ಹೇಗೆ? ಇದಕ್ಕೆ ಗಣಿತ ಒಂದು ಸೊಗಸಾದ ಉತ್ತರ ಕೊಟ್ಟಿದೆ. ಎಷ್ಟೇ ದೊಡ್ಡ ಕಡತವನ್ನಾದರೂ ‘ಹ್ಯಾಶ್’ ಎಂಬ ಲೆಕ್ಕಾಚಾರಕ್ಕೆ ಒಳಪಡಿಸಿದರೆ ನಿಗದಿತ ಉದ್ದದ ಒಂದು ಸಂಖ್ಯೆ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ 256 ಬಿಟ್‌ಗಳದ್ದು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ತಯಾರಕರು ತಮ್ಮ ಬಳಿ ಮಾತ್ರ ಇರುವ ಗುಪ್ತ ಕೀಲಿಯಿಂದ ಆ ಸಂಖ್ಯೆಗೆ ಸಹಿ ಹಾಕುತ್ತಾರೆ. ಎಲ್ಲರಿಗೂ ಕೊಟ್ಟಿರುವ ಬಹಿರಂಗ ಕೀಲಿಯಿಂದ ಆ ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ನಕಲು ಮಾಡಲಾಗದು. ಗುಪ್ತ ಕೀಲಿಯೇ ಕಳುವಾದರೆ ಮಾತ್ರ ಮೊಹರಿಗೆ ಅರ್ಥವಿಲ್ಲ. ಅದನ್ನು ಕಾಯುವವರು ಎಷ್ಟು ಎಚ್ಚರದಿಂದಿರುತ್ತಾರೋ ಮೊಹರು ಅಷ್ಟೇ ಗಟ್ಟಿ.

ಸಿರಿವಂತವಲ್ಲದ ದೇಶಗಳ ದಾರಿ

ಬೆಳೆಯುತ್ತಿರುವ ದೇಶಗಳಿಗೆ ಇಲ್ಲಿ ಹೆಚ್ಚಿನ ಕಷ್ಟವಿದೆ. ಚಿಪ್, ರೂಟರ್, ತಂತ್ರಾಂಶಗಳಲ್ಲಿ ಬಹುಪಾಲು ಹೊರಗಿನಿಂದ ಬರುತ್ತವೆ. ನುರಿತ ಯುವಕರನ್ನು ಖಾಸಗಿ ಕಂಪನಿಗಳು ಸರ್ಕಾರ ಕೊಡಲಾಗದ ಸಂಬಳಕ್ಕೆ ಕರೆದೊಯ್ಯುತ್ತವೆ. ಉದಾಸೀನ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕೋಸ್ಟರಿಕ ಸಾಕ್ಷಿ. 1948ರಲ್ಲೇ ಸೇನೆಯನ್ನು ಕೈಬಿಟ್ಟ ಆ ಪುಟ್ಟ ದೇಶದ ತೆರಿಗೆ ಮತ್ತು ಸುಂಕದ ವ್ಯವಸ್ಥೆಯನ್ನು 2022ರಲ್ಲಿ ಸುಲಿಗೆಕೋರರ ಒಂದು ತಂಡ ನಿಲ್ಲಿಸಿಬಿಟ್ಟಿತು. ಮೇ 8ರಂದು ಅಧ್ಯಕ್ಷರು ರಾಷ್ಟ್ರೀಯ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು.

ಉಕ್ರೇನ್ ಇನ್ನೊಂದು ಪಾಠ ಕೊಡುತ್ತದೆ. 2015ರ ಡಿಸೆಂಬರ್ 23ರಂದು ದಾಳಿಕೋರರು ಮೂರು ವಿದ್ಯುತ್ ಕಂಪನಿಗಳ ಜಾಲಕ್ಕೆ ನುಗ್ಗಿ ಸುಮಾರು 2.25 ಲಕ್ಷ ಗ್ರಾಹಕರ ಕರೆಂಟು ಕಡಿದರು. ಒಳಬಂದ ದಾರಿ ತಿಂಗಳುಗಳ ಹಿಂದಿನ ಒಂದು ಮೋಸದ ಇಮೇಲ್. ಆದರೂ ಕೆಲವೇ ಗಂಟೆಗಳಲ್ಲಿ ದೀಪ ಹತ್ತಿದವು, ಏಕೆಂದರೆ ಸಿಬ್ಬಂದಿ ಉಪಕೇಂದ್ರಗಳಿಗೆ ಓಡಿ ಕೈಯಿಂದಲೇ ಸ್ವಿಚ್ಚು ಹಾಕಿದರು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಕಾರ್ಖಾನೆಗೂ ಸೇನೆಗೂ ಬೇಕಾದ ವಿದ್ಯುತ್ತು ನಾಗರಿಕ ಜಾಲದಿಂದಲೇ ಬರಬೇಕು. ಎಷ್ಟೇ ಯಾಂತ್ರೀಕರಣವಾದರೂ ಕೈಯಿಂದ ನಡೆಸುವ ವ್ಯವಸ್ಥೆಯನ್ನೂ, ಅದನ್ನು ಬಲ್ಲ ಲೈನ್‌ಮನ್‌ಗಳನ್ನೂ ಉಳಿಸಿಕೊಳ್ಳುವುದು ರಕ್ಷಣೆಯ ಭಾಗವೇ.

ಭಾರತ ಸಂಸ್ಥೆಗಳನ್ನು ಒಂದೊಂದಾಗಿ ಕಟ್ಟುತ್ತ ಬಂದಿದೆ. ದಾಳಿಗಳಿಗೆ ಸ್ಪಂದಿಸುವ ಸರ್ಟ್-ಇನ್ 2004ರಲ್ಲಿ ಬಂತು. ವಿದ್ಯುತ್, ಬ್ಯಾಂಕು, ದೂರಸಂಪರ್ಕದಂಥ ಜೀವನಾಡಿಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕೇಂದ್ರ 2014ರಲ್ಲಿ, ಮೂರೂ ಸೇನಾಪಡೆಗಳನ್ನು ಒಳಗೊಂಡ ಡಿಫೆನ್ಸ್ ಸೈಬರ್ ಏಜೆನ್ಸಿ 2019ರಲ್ಲಿ ಬಂದವು. 2022ರಿಂದ, ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ ನಿಯಮವಿದೆ. 2024ರ ಮೇ ತಿಂಗಳಲ್ಲಿ ‘ಸೈಬರ್ ಸುರಕ್ಷಾ’ ಹೆಸರಿನ ಅಣಕು ಕವಾಯತು ನಡೆಯಿತು. ಜೂನ್‌ನಲ್ಲಿ ಸೈಬರ್ ಕಾರ್ಯಾಚರಣೆಗಳ ಜಂಟಿ ಸೇನಾ ಸಿದ್ಧಾಂತ ಬಿಡುಗಡೆಯಾಯಿತು. ಇವೆಲ್ಲ ಸರಿಯಾದ ಹೆಜ್ಜೆಗಳು. ಆದರೆ ದಿಲ್ಲಿಯಲ್ಲಿ ಬರೆದ ಸಿದ್ಧಾಂತ ಪೀಣ್ಯದ, ವಸಂತನರಸಾಪುರದ ಪುಟ್ಟ ವರ್ಕ್‌ಶಾಪಿನ ಕಂಪ್ಯೂಟರಿಗೆ ಇಳಿಯದಿದ್ದರೆ ಆಸ್ಟ್ರೇಲಿಯಾದ ಕಥೆ ಇಲ್ಲೂ ನಡೆಯಬಹುದು.

ಆದ್ದರಿಂದ ಆಗಬೇಕಾದ ಕೆಲಸ ಸ್ಪಷ್ಟ. ರಕ್ಷಣಾ ಗುತ್ತಿಗೆ ಪಡೆಯುವ ಸಣ್ಣ ಉದ್ದಿಮೆಗಳಿಗೆ ಸೈಬರ್ ಸುರಕ್ಷತೆಯ ಷರತ್ತು ಹಾಕಿದರಷ್ಟೇ ಸಾಲದು, ಅದನ್ನು ಪೂರೈಸಲು ಹಣವನ್ನೂ ತಜ್ಞರನ್ನೂ ಒದಗಿಸಬೇಕು. ತಿಪಟೂರು, ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಂಥ ಉದ್ದಿಮೆಗಳ ವ್ಯವಸ್ಥೆಯನ್ನು ಪರೀಕ್ಷಿಸುವ ತರಬೇತಿ ಕೊಡಬೇಕು. ತರಬೇತಿ ಪಾಠಗಳು ಕನ್ನಡದಲ್ಲಿರಬೇಕು, ಏಕೆಂದರೆ ಮೋಸದ ಇಮೇಲ್ ತೆರೆಯುವ ಕೈ ಗುಮಾಸ್ತರದ್ದೂ ಆಗಿರಬಹುದು, ಸ್ಟೋರ್ ಕೀಪರ್‌ದೂ ಆಗಿರಬಹುದು. ತಪ್ಪಾಯಿತೆಂದು ತಕ್ಷಣ ಹೇಳಿದವರಿಗೆ ಶಿಕ್ಷೆ ಕೊಡದೆ ಬೆನ್ನು ತಟ್ಟಬೇಕು. ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ಕೊಳ್ಳುವ ಮೊದಲು ಇಷ್ಟನ್ನು ಮಾಡಲು ನಮಗೆ ಸಾಧ್ಯವಿದೆ. ಕಾರ್ಖಾನೆಗೆ ನೆಲ ಕೊಟ್ಟ ಜಿಲ್ಲೆಯೇ ಇದಕ್ಕೂ ಮೊದಲಾಗಲಿ.