ಅಕ್ಕಡಿ ಸಾಲಿನ ವಿಜ್ಞಾನ

ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಕೆಮ್ಮಣ್ಣಿನ ಬಯಲುಗಳಲ್ಲಿ ಭಾದ್ರಪದ ಕಳೆಯುವ ಹೊತ್ತಿಗೆ ಸಂಚರಿಸಿದವರಿಗೆ ಇಂದಿಗೂ ಕೆಲವು ಹೊಲಗಳಲ್ಲಿ ಒಂದು ನೋಟ ಕಾಣಸಿಗುತ್ತದೆ. ಎಂಟು ಹತ್ತು ಸಾಲು ರಾಗಿಯ ಪೈರು, ಅದರ ಪಕ್ಕದಲ್ಲಿ ಒಂದೆರಡು ಸಾಲು ಅವರೆ ಅಥವಾ ತೊಗರಿ, ಮತ್ತೆ ರಾಗಿ. ಹೊಲದ ಅಂಚಿನಲ್ಲಿ ಹರಳು, ಹಳದಿ ಹೂ ತಳೆದ ಹುಚ್ಚೆಳ್ಳು. ರಾಗಿಯ ನಡುವೆ ಬರುವ ಈ ಸಾಲಿಗೆ ನಮ್ಮ ರೈತರು ಇಟ್ಟಿರುವ ಹೆಸರು ಅಕ್ಕಡಿ. ರಾಗಿ ಬೇಕಾದವನು ರಾಗಿಯನ್ನಷ್ಟೇ ಬಿತ್ತಿದರೆ ಸಾಲದೆ? ಒಂದರ ಎಡೆಯಲ್ಲಿ ಇನ್ನೊಂದನ್ನು ಏಕೆ ಬೆಳೆಯಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.

ಮೊದಲು ಕೆಲವು ಹೆಸರುಗಳನ್ನು ತಿಳಿದುಕೊಳ್ಳಬೇಕು. ಇಡೀ ಹೊಲದಲ್ಲಿ ಒಂದೇ ಪೈರನ್ನು ಬೆಳೆಯುವುದು ಏಕಬೆಳೆ. ಹಲವು ಬೀಜಗಳನ್ನು ಬೆರೆಸಿ ಸಾಲಿನ ಕಟ್ಟಿಲ್ಲದೆ ಬಿತ್ತುವುದು ಮಿಶ್ರಬೆಳೆ. ಗೊತ್ತಾದ ಸಾಲುಗಳಲ್ಲಿ ಎರಡು ಪೈರುಗಳನ್ನು ಒಟ್ಟಿಗೆ ಬೆಳೆಸುವುದು ಅಂತರಬೆಳೆ. ಒಂದನ್ನು ಕೊಯ್ದು ಮತ್ತೊಂದನ್ನು ಬಿತ್ತುತ್ತ ಪೈರನ್ನು ಸರದಿಯಂತೆ ಬದಲಿಸುವುದು ಬೆಳೆ ಪರ್ಯಾಯ. ಉತ್ತರ ಕರ್ನಾಟಕದ ಕಪ್ಪುನೆಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಬಿತ್ತುವುದು ಇದಕ್ಕೆ ನಿದರ್ಶನ. ಅಕ್ಕಡಿಯು ಅಂತರಬೆಳೆಯ ಜಾತಿಗೆ ಸೇರಿದುದು. ಕೂರಿಗೆಯಿಂದ ರಾಗಿ ಬಿತ್ತುವಾಗ, ಅದರ ಹಿಂದೆ ಕಟ್ಟಿದ ಸಡ್ಡೆಯೆಂಬ ಬಿದಿರಿನ ಕೊಳವೆಯಲ್ಲಿ ಅವರೆಯನ್ನೋ ತೊಗರಿಯನ್ನೋ ಬಿಡುತ್ತಾರೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ರಾಗಿಯ ಜೊತೆಗೆ ಇವುಗಳನ್ನು ಬಿತ್ತುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಪದ್ಧತಿಯು ಬಹು ಹಳೆಯದೆಂಬುದಕ್ಕೆ ಇಷ್ಟು ಸಾಕು.

ಎರಡು ಪೈರುಗಳು ಒಂದೇ ಹೊಲದಲ್ಲಿ ಬೆಳೆದರೆ ನೀರು, ಬೆಳಕು, ಗೊಬ್ಬರಗಳಿಗಾಗಿ ಹೋರಾಡಬೇಕಲ್ಲವೆ? ಹೌದು, ಎರಡಕ್ಕೂ ಅವು ಒಂದೇ ಕಾಲದಲ್ಲಿ, ಒಂದೇ ಆಳದಲ್ಲಿ ಬೇಕಾಗಿದ್ದರೆ ಹೋರಾಟ ತಪ್ಪದು. ಅಕ್ಕಡಿಯ ಗುಟ್ಟಿರುವುದು ಇಲ್ಲಿಯೇ. ರಾಗಿಯು ಸುಮಾರು ನಾಲ್ಕು ತಿಂಗಳಲ್ಲಿ ಬೆಳೆದು ಕೊಯ್ಲಿಗೆ ಬರುತ್ತದೆ. ತೊಗರಿಯಾದರೋ ಮೊದಲ ಒಂದೂವರೆ ತಿಂಗಳು ಬಹು ನಿಧಾನವಾಗಿ ಬೆಳೆಯುತ್ತ, ರಾಗಿಗೆ ಅಡ್ಡಿಯಾಗದಂತೆ ಇರುತ್ತದೆ. ರಾಗಿಯ ಕೊಯ್ಲು ಮುಗಿದ ಮೇಲೆ ಬಿಸಿಲೂ ಬಯಲೂ ಅದರ ಪಾಲಾಗುತ್ತವೆ. ನಾಡ ಅವರೆಯದು ಇನ್ನೊಂದು ಬಗೆ. ಹಗಲು ಕಿರಿದಾಗುವವರೆಗೂ ಅದು ಹೂ ಬಿಡುವುದಿಲ್ಲ. ಆದಕಾರಣ ಅದರ ಹೂವು ಕಾಯಿಗಳು ಚಳಿಗಾಲಕ್ಕೆ ಬಂದು, ಮಣ್ಣಿನಲ್ಲಿ ಉಳಿದ ತೇವದಿಂದಲೇ ಬಲಿಯುತ್ತವೆ.

ಕಾಲದಲ್ಲಿ ಕಂಡ ಈ ಹಂಚಿಕೆ ನೆಲದೊಳಗೂ ಉಂಟು. ರಾಗಿಯ ತಂತುಬೇರುಗಳು ಬಹುಮಟ್ಟಿಗೆ ಮೇಲ್ಪದರದಲ್ಲಿ ಹರಡಿಕೊಳ್ಳುತ್ತವೆ. ತೊಗರಿಯ ತಾಯಿಬೇರು ಒಂದು ಮೀಟರಿಗಿಂತಲೂ ಆಳಕ್ಕೆ ಇಳಿಯಬಲ್ಲುದು. ರಾಗಿಗೆ ಎಟುಕದೆ ಕೆಳಗಿಳಿದ ಮಳೆಯ ನೀರು ತೊಗರಿಗೆ ದೊರೆಯುತ್ತದೆ.

ಇನ್ನು ಸಾರಜನಕದ ವಿಚಾರ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ರಾಗಿಯು ಅದನ್ನು ನೇರವಾಗಿ ಬಳಸಲಾರದು. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆಂಬ ಸಂಗತಿಯನ್ನು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1886-88ರಲ್ಲಿ ಪ್ರಯೋಗಗಳಿಂದ ತೋರಿಸಿದರು. ವಾಚಕರು ಹೂ ಬಿಡುವ ಮುನ್ನ ಒಂದು ಅವರೆ ಗಿಡವನ್ನು ಮಣ್ಣು ಸಹಿತ ಕಿತ್ತು, ಬೇರನ್ನು ತೊಳೆದು, ಒಂದು ಗಂಟನ್ನು ಸೀಳಿ ನೋಡಬಹುದು. ಒಳಗೆ ನಸುಗೆಂಪು ಕಂಡರೆ ಆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಆದರೆ ಒಂದು ತಪ್ಪು ಎಣಿಕೆ ಸಲ್ಲದು. ಅವರೆಯು ಹಿಡಿದ ಸಾರಜನಕವು ಅದೇ ವರ್ಷ ಪಕ್ಕದ ರಾಗಿಗೆ ಹೆಚ್ಚಾಗಿ ಸಿಗುವುದಿಲ್ಲ. ಕಾಳಿನೊಡನೆ ಬಹುಪಾಲು ಮನೆ ಸೇರುತ್ತದೆ; ಉದುರಿದ ಎಲೆ, ಕೊಳೆತ ಬೇರುಗಳಲ್ಲಿ ಉಳಿದದ್ದು ಮುಂದಿನ ಬೆಳೆಗೆ ಒದಗುತ್ತದೆ.

ಇವೆಲ್ಲದರ ಲಾಭವನ್ನು ಅಳೆಯುವುದು ಹೇಗೆ? ಒಂದು ಎಕರೆಯಲ್ಲಿ ರಾಗಿಯೊಂದೇ 10 ಕ್ವಿಂಟಲ್, ತೊಗರಿಯೊಂದೇ 4 ಕ್ವಿಂಟಲ್ ಬರುವುದೆಂದು ಊಹಿಸೋಣ. ಜೊತೆಯಾಗಿ ಬೆಳೆದಾಗ ರಾಗಿ 8, ತೊಗರಿ 2 ಕ್ವಿಂಟಲ್ ಬಂದರೆ, ಮೊದಲನೆಯದು 0.8 ಪಾಲು, ಎರಡನೆಯದು 0.5 ಪಾಲು, ಒಟ್ಟು 1.3. ಅಂದರೆ ಇಷ್ಟೇ ಫಸಲನ್ನು ಬೇರೆ ಬೇರೆಯಾಗಿ ಬೆಳೆಯಲು 1.3 ಎಕರೆ ನೆಲ ಬೇಕಾಗುತ್ತಿತ್ತು. ಕೃಷಿವಿಜ್ಞಾನಿಗಳು ಬಳಸುವ ಲೆಕ್ಕ ಇದೇ. ಮೊತ್ತವು ಒಂದಕ್ಕಿಂತ ಹೆಚ್ಚಾದರೆ ಜೊತೆಬೆಳೆಯಿಂದ ನೆಲ ಉಳಿಯಿತು, ಕಡಿಮೆಯಾದರೆ ನಷ್ಟವಾಯಿತು.

ನಷ್ಟವೂ ಆಗುವುದುಂಟೆಂಬುದನ್ನು ಮರೆಯಬಾರದು. ಅಕ್ಕಡಿ ಸಾಲುಗಳು ಒತ್ತಾದರೆ ರಾಗಿಗೆ ನೆರಳು ಕವಿಯುತ್ತದೆ. ಇಡೀ ಹೊಲವನ್ನು ಒಂದೇ ಸಲ ಕೊಯ್ಯುವ ಯಂತ್ರಕ್ಕೆ ಹಸಿರಾಗಿ ನಿಂತ ತೊಗರಿ ಅಡ್ಡಿ. ಅಗಲವಾದ ಎಲೆಯ ಕಳೆಗಳನ್ನು ಕೊಲ್ಲುವ ಔಷಧಿ ಅವರೆಯನ್ನೂ ಬಿಡದು. ಕೂಲಿಯಾಳು ಸಿಗದ ಊರಿನಲ್ಲಿ ಎರಡು ಮೂರು ಕೊಯ್ಲು ಹೊರೆಯೇ ಸರಿ. ಅಕ್ಕಡಿ ವಿರಳವಾಗುತ್ತಿರುವುದಕ್ಕೆ ರೈತನ ಸೋಮಾರಿತನವೇ ಕಾರಣವೆನ್ನುವುದು ನ್ಯಾಯವಲ್ಲ.

ಆದರೂ ಅದು ಮರೆಯಾದಾಗ ನಾವು ಕಳೆದುಕೊಳ್ಳುವುದೇನೆಂಬುದನ್ನು ತಿಳಿದಿರಬೇಕು. ಕೆರೆ ಕಾಲುವೆಗಳ ಆಸರೆಯಿಲ್ಲದ ಹೊಲಕ್ಕೆ ಮಳೆಯೊಂದೇ ಗತಿ. ತೆನೆ ಕಟ್ಟುವ ವೇಳೆಗೆ ಮಳೆ ಕೈಕೊಟ್ಟರೆ ರಾಗಿ ಜೊಳ್ಳಾಗುತ್ತದೆ. ತಡವಾಗಿ ಮಳೆ ಬಿದ್ದರೆ ತೊಗರಿ, ಅವರೆಗಳು ಚೇತರಿಸಿಕೊಳ್ಳುತ್ತವೆ. ತೊಗರಿಯನ್ನೇ ವರ್ಷ ವರ್ಷವೂ ಬಿತ್ತಿದ ನೆಲದಲ್ಲಿ ಸೊರಗು ರೋಗ ಹೆಚ್ಚುತ್ತದೆ. ಜೋಳದ ಜೊತೆ ಬೆಳೆದಾಗ ಅದು ತಗ್ಗುವುದನ್ನು ಪ್ರಯೋಗಗಳು ತೋರಿಸಿವೆ. ಒಂದೇ ಬೆಳೆಯನ್ನು ನಂಬಿದ ಮನೆಯು ಒಂದೇ ಮಳೆಯನ್ನು ನಂಬಿದಂತೆ. ಅಕ್ಕಡಿಯ ಮನೆಗೆ ಮುದ್ದೆ ತಪ್ಪಿದ ವರ್ಷವೂ ಸಾರಿಗೆ ಕಾಳು, ಸಂತೆಗೆ ಹರಳು, ಗಾಣಕ್ಕೆ ಹುಚ್ಚೆಳ್ಳು ಉಳಿಯುವ ಸಂಭವವುಂಟು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ತಜ್ಞರು ರಾಗಿ, ತೊಗರಿಗಳನ್ನು 8:2ರ ಸಾಲುಗಳಲ್ಲಿ ಬಿತ್ತಬೇಕೆಂದು ಶಿಫಾರಸು ಮಾಡಿರುವುದು ಈ ಹಳೆಯ ಅರಿವಿನ ತಿದ್ದಿದ ರೂಪವೇ ಆಗಿದೆ. ಹಳೆಯದೆಂಬ ಕಾರಣಕ್ಕೆ ಯಾವುದನ್ನೂ ಕೊಂಡಾಡಬೇಕಾಗಿಲ್ಲ. ಅದೇ ಕಾರಣಕ್ಕೆ ಬಿಟ್ಟುಬಿಡಬೇಕಾಗಿಯೂ ಇಲ್ಲ. ಮುಂದಿನ ಸಲ ರಾಗಿಯ ಹೊಲವನ್ನು ಹಾದು ಹೋಗುವಾಗ ಅಕ್ಕಡಿ ಸಾಲುಗಳಿವೆಯೇ ಎಂದು ನಿಂತು ನೋಡೋಣ. ಇದ್ದರೆ ಏಕೆ, ಇಲ್ಲದಿದ್ದರೆ ಏಕೆ ಎಂದು ಆ ಹೊಲದ ರೈತನನ್ನೇ ಕೇಳೋಣ.